ನೆಟ್ ಎಲ್ಲಿ ಕಡಿಯುತ್ತದೆ?

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ತೋಟಗಳ ಕಡೆಗೆ ಇಳಿದರೆ ಹತ್ತು ಹನ್ನೆರಡು ವರ್ಷ ಹಳೆಯ ಕಂಪ್ಯೂಟರನ್ನು ಇನ್ನೂ ಬಳಸುತ್ತಿರುವ ಮನೆಗಳು ಸಿಗುತ್ತವೆ. ಅಡಿಕೆ ಲೆಕ್ಕ, ಕರೆಂಟು ಬಿಲ್ಲು, ಮಕ್ಕಳ ಪಾಠ ಎಲ್ಲವೂ ಅದರಲ್ಲೇ. ದೂರು ಮಾತ್ರ ಎಲ್ಲ ಕಡೆ ಒಂದೇ: ‘ನೆಟ್ ಬರ್ತದೆ, ಹೋಗ್ತದೆ.’ ಅದಕ್ಕೆ ಸಿಗುವ ಸಲಹೆಯೂ ಒಂದೇ: ‘ಹಳೇದಾಯ್ತಲ್ಲ, ಹೊಸತು ತೆಗೊಳ್ಳಿ.’ ದೋಷ ಎಲ್ಲಿದೆ ಎಂದು ನೋಡುವ ಮೊದಲೇ ಕೊಡುವ ಈ ಸಲಹೆ ನನಗೆ ಒಪ್ಪಿಗೆಯಿಲ್ಲ. ಎಷ್ಟೋ ಸಲ ಹೊಸ ಕಂಪ್ಯೂಟರ್ ಬಂದ ಮೇಲೂ ನೆಟ್ ಹಾಗೆಯೇ ಕಡಿಯುತ್ತಿರುತ್ತದೆ.

ಪೂರ್ತಿ ನಿಂತುಹೋದ ಸಂಪರ್ಕವನ್ನು ಸರಿಪಡಿಸುವುದು ಸುಲಭ. ಬಂದು ಹೋಗುವುದೇ ಕಷ್ಟ, ಏಕೆಂದರೆ ನೋಡಲು ಹೋದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಯಾಕೆ ಎಂದು ಕೇಳುವ ಮೊದಲು ಎಲ್ಲಿ ಎಂದು ಕೇಳಬೇಕು. ಗುಡ್ಡ ಕೊರೆದು ಮಾಡಿದ ಸುರಂಗದ ನೀರು ತೊಟ್ಟಿಗೆ ಬೀಳದಿದ್ದರೆ ನಮ್ಮ ಕಡೆಯವರು ನೇರವಾಗಿ ಸುರಂಗದೊಳಗೆ ನುಗ್ಗುವುದಿಲ್ಲ. ತೊಟ್ಟಿಯಿಂದ ಮೇಲಕ್ಕೆ ಪೈಪಿನ ಒಂದೊಂದು ಜೋಡಣೆಯಲ್ಲೂ ನೀರು ಇದೆಯೇ ಎಂದು ನೋಡುತ್ತ ಹೋಗುತ್ತಾರೆ. ನೆಟ್ಟಿಗೂ ಅದೇ ಕ್ರಮ.

ಮೊದಲ ಸಾಕ್ಷಿ ರೂಟರಿನ ದೀಪಗಳು. ನೆಟ್ ಹೋದ ಕ್ಷಣದಲ್ಲಿ ಎಲ್ಲ ದೀಪಗಳೂ ಆರಿ ಮತ್ತೆ ಒಂದೊಂದಾಗಿ ಹತ್ತಿಕೊಂಡರೆ ಅದು ಕರೆಂಟಿನ ಸಮಸ್ಯೆ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡಲು ಪಂಪು ಚಾಲೂ ಮಾಡಿದಾಗ ಮೋಟಾರು ಆ ಒಂದು ಕ್ಷಣಕ್ಕೆ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ಕರೆಂಟನ್ನು ಎಳೆಯುತ್ತದೆ, ವೋಲ್ಟೇಜು ಕುಸಿಯುತ್ತದೆ. ಹಳೆಯದಾಗಿ ಸೊರಗಿದ ಅಡಾಪ್ಟರ್ ಆ ಕುಸಿತವನ್ನು ತಾಳದೆ ರೂಟರನ್ನು ಬೀಳಿಸುತ್ತದೆ. ಫ್ಯಾನು ನಿಲ್ಲುವುದಿಲ್ಲ, ಬಲ್ಬು ಒಮ್ಮೆ ಮಂಕಾಗಿ ಮತ್ತೆ ಸರಿಯಾಗುತ್ತದೆ. ಹಾಗಾಗಿ ಯಾರೂ ಪಂಪನ್ನು ಅನುಮಾನಿಸುವುದೇ ಇಲ್ಲ. ಲೈನಿನ ದೀಪ ಒಂದೇ ಮಿನುಗಿ ಉಳಿದವು ಸ್ಥಿರವಾಗಿದ್ದರೆ ದೋಷ ಮನೆಯ ಹೊರಗಿನ ದಾರಿಯಲ್ಲಿ. ಎಲ್ಲ ದೀಪಗಳೂ ಸ್ಥಿರವಾಗಿದ್ದು ಕಂಪ್ಯೂಟರಿನಲ್ಲಿ ಮಾತ್ರ ನೆಟ್ ಇಲ್ಲದಿದ್ದರೆ ಹುಡುಕಾಟ ಮನೆಯೊಳಗೇ.

ಎರಡನೆಯ ಸಾಕ್ಷಿ ‘ಪಿಂಗ್’. ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದ ಈ ಪುಟ್ಟ ಪ್ರೋಗ್ರಾಂ ಎಷ್ಟು ಹಳೆಯ ಕಂಪ್ಯೂಟರಿನಲ್ಲೂ ಇರುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು ping ಎಂದು ಬರೆದು, ಮುಂದೆ ರೂಟರಿನ ವಿಳಾಸ, ಕೊನೆಗೆ ನಿಲ್ಲದೆ ಓಡಲು -t ಕೊಟ್ಟರಾಯಿತು. ಬಹಳ ಮನೆಗಳಲ್ಲಿ ಆ ವಿಳಾಸ 192.168.1.1. ಇನ್ನೊಂದು ಕಿಟಕಿಯಲ್ಲಿ 8.8.8.8 ಎಂಬ ಗೂಗಲಿನ ವಿಳಾಸಕ್ಕೂ ಪಿಂಗ್ ಓಡುತ್ತಿರಲಿ. ನೆಟ್ ಕಡಿದಾಗ ರೂಟರಿನಿಂದ ಉತ್ತರ ಬರುತ್ತಿದ್ದು ಗೂಗಲ್ ಮಾತ್ರ ನಿಂತರೆ ಕಂಪ್ಯೂಟರ್ ನಿರಪರಾಧಿ. ಎರಡೂ ನಿಂತರೆ ಕಂಪ್ಯೂಟರಿಗೂ ರೂಟರಿಗೂ ನಡುವೆ ಕಡಿದಿದೆ. ಎರಡೂ ಓಡುತ್ತಿದ್ದು ಬ್ರೌಸರಿನಲ್ಲಿ ಮಾತ್ರ ಏನೂ ತೆರೆಯದಿದ್ದರೆ ಅದು ಬೇರೆಯೇ ಕತೆ, ಅದಕ್ಕೆ ಆಮೇಲೆ ಬರುತ್ತೇನೆ.

ಮಳೆ ಬಂದಾಗ ನೆಟ್ ಯಾಕೆ ಹೋಗುತ್ತದೆ? ಇದರ ಹಿಂದಿನ ಭೌತವಿಜ್ಞಾನ ಬಹಳ ಸೊಗಸಾದದ್ದು. 2005ರ ಜನವರಿಯಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ಹೊಸ ತಂತಿ ಎಳೆಯಲಿಲ್ಲ. ಇದ್ದ ಲ್ಯಾಂಡ್‌ಲೈನಿನ ಜೋಡಿ ತಾಮ್ರದ ತಂತಿಯನ್ನೇ ಬಳಸಿತು. ನಮ್ಮ ಮಾತಿಗೆ ಅದರಲ್ಲಿ 4 ಕಿಲೋಹರ್ಟ್ಜ್‌ವರೆಗಿನ ಜಾಗ ಸಾಕು. ಈ ಬ್ರಾಡ್‌ಬ್ಯಾಂಡಿನ ತಂತ್ರವಾದ ಎಡಿಎಸ್‌ಎಲ್ ಅದರ ಮೇಲಿನ ಜಾಗವನ್ನು, ಸುಮಾರು 26ರಿಂದ 1104 ಕಿಲೋಹರ್ಟ್ಜ್‌ವರೆಗೆ, ತನ್ನದಾಗಿಸಿಕೊಂಡಿತು. ಸೊನ್ನೆಯಿಂದ 1104ರವರೆಗಿನ ಹರವನ್ನು 256 ಸಣ್ಣ ಪಟ್ಟಿಗಳಾಗಿ ಸೀಳಿ, ಯಾವ ಪಟ್ಟಿಯಲ್ಲಿ ಗದ್ದಲ ಕಡಿಮೆಯೋ ಅಲ್ಲಿ ಹೆಚ್ಚು, ಗದ್ದಲ ಜಾಸ್ತಿ ಇದ್ದಲ್ಲಿ ಕಡಿಮೆ ಮಾಹಿತಿ ಕಳಿಸುವುದು ಅದರ ಉಪಾಯ. ಎರಡು ತಂತಿಗಳನ್ನು ಹೆಣೆದಿರುವುದಕ್ಕೂ ಕಾರಣವಿದೆ. ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗಳಲ್ಲಿ ಸಮನಾಗಿ ಹುಟ್ಟುತ್ತದೆ, ಮೋಡೆಮ್ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಆ ಗದ್ದಲ ಅಳಿಸಿಹೋಗುತ್ತದೆ. ಕಂಬದ ಮೇಲಿನ ಜಾಯಿಂಟಿಗೆ ಮಳೆನೀರು ಇಳಿದು ಒಂದು ತಂತಿ ಕಿಲುಬು ಹಿಡಿದರೆ ಈ ಸಮತೋಲ ಕೆಡುತ್ತದೆ. ಆಗ ಇಡೀ ಲೈನು ಆಂಟೆನಾ ಆಗಿ, ಮೋಟಾರಿನ ಕಿಡಿಯಿಂದ ಹಿಡಿದು ರೇಡಿಯೋವರೆಗೆ ಎಲ್ಲವನ್ನೂ ಹೀರತೊಡಗುತ್ತದೆ. ಮಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಸ್ಥಾನವಾದ 1089 ಕಿಲೋಹರ್ಟ್ಜ್ ಕೂಡ ಎಡಿಎಸ್‌ಎಲ್ ಹರವಿನೊಳಗೇ ಬರುತ್ತದೆ. ಗದ್ದಲದ ನಡುವೆ ಓದಲು ಬೇಕಾದುದಕ್ಕಿಂತ ಸಂಕೇತ ಕನಿಷ್ಠ 6 ಡೆಸಿಬೆಲ್‌ನಷ್ಟು ಹೆಚ್ಚುವರಿ ಬಲ ಉಳಿಸಿಕೊಂಡಿರಬೇಕು ಎಂಬುದು ರೂಢಿ. ಆ ಅಂತರ ಕರಗಿದಾಗ ಮೋಡೆಮ್ ಸಂಪರ್ಕ ಬಿಟ್ಟು ಮೊದಲಿನಿಂದ ಎಲ್ಲವನ್ನೂ ಅಳೆಯುತ್ತದೆ. ನಮಗೆ ಕಾಣುವ ‘ಹೋಯ್ತು, ಒಂದು ನಿಮಿಷದಲ್ಲಿ ಬಂತು’ ಅಂದರೆ ಇದೇ.

ಪರೀಕ್ಷೆ ಸರಳ. ಮಳೆ ಬರುವಾಗ ಫೋನೆತ್ತಿ ಕಿವಿಗೊಡಿ. ಕರಕರ ಸದ್ದಿದ್ದರೆ ಜಾಯಿಂಟು ಕೆಟ್ಟಿದೆ. ಫೋನು ರಿಂಗಾದಾಗಲೆಲ್ಲ ನೆಟ್ ಬೀಳುತ್ತಿದ್ದರೆ ಮಾತನ್ನೂ ನೆಟ್ಟನ್ನೂ ಬೇರ್ಪಡಿಸುವ, ಫೋನಿನ ಮುಂದಿನ ಸ್ಪ್ಲಿಟರ್ ಇಲ್ಲ ಅಥವಾ ಕೆಟ್ಟಿದೆ. ಫೋನು ಪೂರ್ತಿ ಸತ್ತು ನೆಟ್ ಮಾತ್ರ ಕುಂಟುತ್ತ ಓಡುವುದೂ ಉಂಟು: ತುಂಡಾದ ತಂತಿಯ ಸಣ್ಣ ಬಿರುಕನ್ನು ಮೇಲಿನ ಕಂಪನಾಂಕಗಳು ದಾಟಬಲ್ಲವು, ಮಾತಿಗೆ ಬೇಕಾದ ನೇರ ಕರೆಂಟು ದಾಟಲಾರದು.

ಈಗ ಫೈಬರ್ ಬಂದಿದೆ. ಕೇರಳ ಸರಕಾರದ ಕೆಫೋನ್ ಜಾಲ 2023ರ ಜೂನ್ 5ರಂದು ಉದ್ಘಾಟನೆಯಾಯಿತು, ಖಾಸಗಿಯವರೂ ಇದ್ದಾರೆ. ಗಾಜಿಗೆ ಕಿಲುಬಿಲ್ಲ. ಏಪ್ರಿಲ್-ಮೇ ತಿಂಗಳ ಮತ್ತು ತುಲಾಮಾಸದ ಸಿಡಿಲು ತಾಮ್ರದ ತಂತಿಯಲ್ಲಿ ಹರಿದು ಮೋಡೆಮನ್ನು ಸುಡುತ್ತಿದ್ದ ಕಾಟ ಆ ದಾರಿಯಿಂದ ಬರುವುದಿಲ್ಲ, ಕರೆಂಟಿನ ದಾರಿಯಿಂದ ಬರಬಹುದು ಅಷ್ಟೆ. ಆದರೆ ತೋಟದ ನಡುವೆ ಎಳೆದ ಕೇಬಲ್ಲಿನ ಮೇಲೆ ಅಡಿಕೆ ಸೋಗೆ ಬಿದ್ದರೆ ಎಳೆ ಬಾಗುತ್ತದೆ, ಮೂರು ಸೆಂಟಿಮೀಟರಿಗಿಂತ ಬಿಗಿಯಾಗಿ ಬಾಗಿದ ಮಾಮೂಲಿ ಎಳೆಯಿಂದ ಬೆಳಕು ಸೋರುತ್ತದೆ. ಮನೆಯ ಪೆಟ್ಟಿಗೆಗೆ ಮೈನಸ್ 27 ಡೆಸಿಬೆಲ್ ಮಟ್ಟದ ಬೆಳಕು, ಅಂದರೆ ಒಂದು ಮಿಲಿವ್ಯಾಟಿನ ಐನೂರರಲ್ಲಿ ಒಂದು ಪಾಲು, ಹೆಚ್ಚುಕಡಿಮೆ ಕೊನೆಯ ಮಿತಿ. ಅದರ ಅಂಚಿನಲ್ಲಿರುವ ಮನೆಯಲ್ಲಿ ಗಾಳಿ ಬೀಸಿದರೂ ಕೆಂಪು ದೀಪ ಹತ್ತೀತು. ಕುರ್ಚಿಯ ಕಾಲಡಿಗೆ ಸಿಕ್ಕ ಹಳದಿ ಕೇಬಲ್ಲನ್ನು ಮೊದಲು ನೋಡಿ.

ಮೊಬೈಲಿನ ಹಾಟ್‌ಸ್ಪಾಟಿನಿಂದ ಕಂಪ್ಯೂಟರ್ ಓಡಿಸುವವರಿಗೆ ಪೆರ್ಲದಲ್ಲಿ ಇನ್ನೊಂದು ತೊಡಕಿದೆ. ಅಡ್ಕಸ್ಥಳ ದಾಟಿದರೆ ಸಾರಡ್ಕ, ಅದು ದಕ್ಷಿಣ ಕನ್ನಡ. ದೂರಸಂಪರ್ಕದಲ್ಲಿ ಕೇರಳ ಮತ್ತು ಕರ್ನಾಟಕ ಬೇರೆ ಬೇರೆ ವೃತ್ತಗಳು. ಒಂದೇ ಕಂಪೆನಿಯ ಜಾಲಕ್ಕೂ ಎರಡು ಕಡೆ ಬೇರೆ ಗುರುತಿನ ಸಂಖ್ಯೆ ಇರಬಹುದು. ಬಿಎಸ್ಸೆನ್ನೆಲ್ಲಿಗೆ ಕರ್ನಾಟಕದಲ್ಲಿ 404-71, ಕೇರಳದಲ್ಲಿ 404-72. ಗುಡ್ಡದ ಮೇಲಿನ ಮನೆಯಲ್ಲಿ ಎರಡೂ ಕಡೆಯ ಟವರ್ ಸಿಕ್ಕರೆ, ಮೇಜಿನ ಮೇಲೆ ಸುಮ್ಮನಿದ್ದ ಫೋನು ಆಚೆಗೊಮ್ಮೆ ಈಚೆಗೊಮ್ಮೆ ಜಿಗಿಯುತ್ತದೆ, ಪ್ರತಿ ಜಿಗಿತಕ್ಕೂ ಡೇಟಾ ಕಡಿಯಬಹುದು. ಸೆಟ್ಟಿಂಗಿನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ‘ಆಟೋಮ್ಯಾಟಿಕ್’ ಬಿಟ್ಟು ಒಂದಕ್ಕೆ ನಿಲ್ಲಿಸಿದರೆ ಸಾಕು.

ಮನೆಯೊಳಗೆ ವೈಫೈ. ಅದರ 2.4 ಗಿಗಾಹರ್ಟ್ಜ್ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ. ನಮ್ಮ ಮುರಕಲ್ಲು ರಂಧ್ರಗಳಿರುವ ಕಲ್ಲು, ಗಾರೆ ಮಾಡದ ಗೋಡೆ ಮಳೆಗಾಲದಲ್ಲಿ ಒದ್ದೆ ಹಿಡಿದುಕೊಂಡಿರುತ್ತದೆ. ಅಂಥ ಎರಡು ಗೋಡೆಗಳಾಚೆ ಹಳೆಯ ಕಂಪ್ಯೂಟರಿನ ಸಣ್ಣ ವೈಫೈ ಡಾಂಗಲ್ ಸೋಲುವುದು ಸಹಜ. ಒಂದು ಲ್ಯಾನ್ ಕೇಬಲ್ ಎಳೆದು ನೋಡಿ, ನೂರು ಮೀಟರ್‌ವರೆಗೆ ಅದು ತೊಂದರೆಯಿಲ್ಲದೆ ಒಯ್ಯುತ್ತದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ತೆರೆದು, ಕರೆಂಟು ಉಳಿಸಲು ಅದನ್ನು ಆರಿಸಬಹುದು ಎಂಬಲ್ಲಿನ ಗುರುತನ್ನೂ ತೆಗೆಯಿರಿ. ಸ್ವಲ್ಪ ಹೊತ್ತು ಬಳಸದೆ ಬಿಟ್ಟಾಗ ಹೋಗುವ ನೆಟ್ಟಿಗೆ ಬಹಳ ಸಲ ಇದೇ ಮದ್ದು.

ಇನ್ನು ಪಿಂಗ್ ಓಡುತ್ತಿದ್ದರೂ ಪುಟ ತೆರೆಯದ ಕತೆ. ಕರೆಂಟು ಹೋಗಿ ಬಂದ ಮೇಲೆಲ್ಲ ಹೀಗಾಗುತ್ತಿದ್ದರೆ ಪರದೆಯ ಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡಿನಲ್ಲಿ ನಾಣ್ಯದಂಥ 3 ವೋಲ್ಟಿನ ಸಿಆರ್ 2032 ಸೆಲ್ಲೊಂದು ಇದೆ, ಕಂಪ್ಯೂಟರ್ ಆರಿದ್ದಾಗ ಗಡಿಯಾರ ನಡೆಸುವುದು ಅದೇ. ಅದು ಮುಗಿದರೆ ಕಂಪ್ಯೂಟರ್ ಹತ್ತಾರು ವರ್ಷ ಹಿಂದಿನ ತಾರೀಕಿಗೆ ಮರಳುತ್ತದೆ. ಇಂದಿನ ಪ್ರತಿ ಸುರಕ್ಷಿತ ಜಾಲತಾಣವೂ ಆರಂಭ ಮತ್ತು ಮುಕ್ತಾಯದ ದಿನಾಂಕವಿರುವ ಪ್ರಮಾಣಪತ್ರ ತೋರಿಸುತ್ತದೆ. 2009ರಲ್ಲಿ ನಿಂತ ಕಂಪ್ಯೂಟರಿಗೆ ಅವೆಲ್ಲ ಇನ್ನೂ ಹುಟ್ಟದ ಪತ್ರಗಳು, ಅದು ಬಾಗಿಲು ಮುಚ್ಚುತ್ತದೆ. ಸೆಲ್ ಬದಲಿಸಿ ತಾರೀಕು ಸರಿಪಡಿಸಿದರೆ ನೆಟ್ ಬರುತ್ತದೆ. ವಾಚಿನ ಅಂಗಡಿಯಲ್ಲಿ ಸಿಗುವ ಇಂಥ ಒಂದು ಸೆಲ್ಲಿಗಾಗಿ ಕಂಪ್ಯೂಟರು ಗುಜರಿ ಸೇರಬಾರದು. ಇದಕ್ಕೆ ಹತ್ತಿರದ ಇನ್ನೊಂದು ದೋಷ 2021ರ ಸೆಪ್ಟೆಂಬರ್ 30ರಂದು ಜಗತ್ತಿನಾದ್ಯಂತ ಕಂಡಿತು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲಪತ್ರದ ಅವಧಿ ಅಂದು ಮುಗಿದು, ಅಪ್‌ಡೇಟ್ ಇಲ್ಲದ ಎಷ್ಟೋ ಉಪಕರಣಗಳು ಅನೇಕ ತಾಣಗಳನ್ನು ತೆರೆಯಲಾರದೆ ಹೋದವು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ. ಯಂತ್ರ ಗಟ್ಟಿಯಿದ್ದರೆ ಹಗುರವಾದ ಲಿನಕ್ಸ್ ಹಾಕಿಸಿ, ಇನ್ನೂ ಕೆಲವು ವರ್ಷ ದುಡಿಯುತ್ತದೆ.

ನೆಟ್ ಕಡಿಯುವುದು ಬರೀ ಕಿರಿಕಿರಿಯ ಮಾತಲ್ಲ. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು ಕೋಯಿಕ್ಕೋಡಿನ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ ಇಂಟರ್‌ನೆಟ್ ಬಳಕೆಯನ್ನು ಶಿಕ್ಷಣದ ಹಕ್ಕಿನ ಭಾಗವೆಂದು ಎತ್ತಿಹಿಡಿಯಿತು. ಮರುವರ್ಷ ಕೊರೊನಾದಿಂದಾಗಿ ಜೂನ್ 1ಕ್ಕೆ ಶಾಲೆ ಮನೆಯೊಳಗೇ ಶುರುವಾದಾಗ ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠ ಬಂದದ್ದು ಪರದೆಯ ಮೂಲಕ. ಕಡಿಯುವ ನೆಟ್ಟಿನ ಎದುರು ಕೂತ ಮಗು ಕಳೆದುಕೊಳ್ಳುವುದು ಪಾಠದ ನಡುವಿನ ವಾಕ್ಯಗಳನ್ನು. ಅದಕ್ಕಾಗಿಯೇ ಒಂದು ಹಾಳೆಯನ್ನು ರೂಟರಿನ ಪಕ್ಕ ಇಟ್ಟುಕೊಳ್ಳಿ ಎನ್ನುತ್ತೇನೆ. ನೆಟ್ ಹೋದ ಹೊತ್ತು, ಆಗ ಮಳೆಯಿತ್ತೇ, ಪಂಪು ಓಡುತ್ತಿತ್ತೇ, ಯಾವ ದೀಪ ಆರಿತು ಎಂದು ವಾರವಿಡೀ ಬರೆಯಿರಿ. ‘ನೆಟ್ ಸರಿ ಇಲ್ಲ’ ಎಂಬ ದೂರಿಗೆ ಲೈನ್‌ಮನ್ ಬಂದು, ಎಲ್ಲ ಸರಿಯಿರುವುದನ್ನು ನೋಡಿ ಹೋಗುತ್ತಾರೆ. ‘ಮಳೆ ಬಿದ್ದು ಅರ್ಧ ಗಂಟೆಗೆ ಲೈನಿನ ದೀಪ ಒಂದೇ ಹೋಗ್ತದೆ, ಫೋನಿನಲ್ಲಿ ಕರಕರ ಕೇಳ್ತದೆ’ ಎಂದರೆ ಅವರು ನೇರ ಕಂಬ ಹತ್ತಿ ಜಾಯಿಂಟು ಬಿಚ್ಚುತ್ತಾರೆ.