ಮೀನುದೋಣಿ, ಮರದ ಲಾರಿ ಮತ್ತು ಒಂದು ಹಳ್ಳಿಯ ಪ್ರಕಾಶನ

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ವ್ಯಾಂಕೂವರ್ ನಗರದ ವಾಯವ್ಯಕ್ಕೆ ಪೆಂಡರ್ ಹಾರ್ಬರ್ ಎಂಬ ಜಾಗವಿದೆ. ಮಡೀರಾ ಪಾರ್ಕ್, ಗಾರ್ಡನ್ ಬೇ, ಇರ್ವಿನ್ಸ್ ಲ್ಯಾಂಡಿಂಗ್ ಎಂಬ ಪುಟ್ಟ ಪುಟ್ಟ ಊರುಗಳು ಕೊಲ್ಲಿಯ ಸುತ್ತ ಹಂಚಿಕೊಂಡು ಕೂತಿವೆ. ಎಲ್ಲ ಸೇರಿದರೂ ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಇದು ಭೂಭಾಗಕ್ಕೇ ಅಂಟಿಕೊಂಡಿದ್ದರೂ ನಗರದಿಂದ ನೇರ ರಸ್ತೆಯಿಲ್ಲ. ಹಾರ್ಸ್‌ಶೂ ಬೇಯಲ್ಲಿ ಫೆರಿ ಹತ್ತಿ ನಲವತ್ತು ನಿಮಿಷ ಕಡಲು ದಾಟಬೇಕು, ಆಮೇಲೆ ಇನ್ನೂ ಒಂದು ಗಂಟೆಯಷ್ಟು ಕಾರಿನ ದಾರಿ. ಇಂಥ ಊರಿನ ಪುಸ್ತಕಗಳು ಒಂದು ಇಡೀ ಕಪಾಟು ತುಂಬುತ್ತವೆ. ಅವನ್ನು ಬರೆದವರಲ್ಲಿ ಲಾರಿ ಓಡಿಸಿದವರಿದ್ದಾರೆ, ರೇಡಿಯೋ ರಿಪೇರಿ ಮಾಡಿದವರಿದ್ದಾರೆ.

ಮರ ಕಡಿಯುವವರ ಶಿಬಿರಗಳಲ್ಲಿ ಬೆಳೆದ ಹೊವರ್ಡ್ ವೈಟ್ ಬುಲ್ಡೋಜರ್ ಓಡಿಸಿ ಬದುಕು ಕಟ್ಟಿಕೊಂಡವರು. 1972ರಲ್ಲಿ ಅವರು ‘ರೇನ್‌ಕೋಸ್ಟ್ ಕ್ರಾನಿಕಲ್ಸ್’ ಎಂಬ ನಿಯತಕಾಲಿಕ ಶುರುಮಾಡಿದರು. ಎರಡು ವರ್ಷದ ನಂತರ ಪತ್ನಿ ಮೇರಿಯ ಜೊತೆ ಸೇರಿ ಹಾರ್ಬರ್ ಪಬ್ಲಿಷಿಂಗ್ ಸ್ಥಾಪಿಸಿದರು. ಆ ಕಾಲಕ್ಕೆ ಕೆನಡಾದ ಇಂಗ್ಲಿಷ್ ಪ್ರಕಾಶನವೆಂದರೆ ಹೆಚ್ಚುಕಡಿಮೆ ಟೊರಾಂಟೊ. ಕರಾವಳಿಯ ಮೀನುಗಾರ, ಮರ ಕಡಿಯುವವ, ದೋಣಿ ಕಟ್ಟುವವ ಹೇಳುವ ಕತೆಗೆ ಅಲ್ಲಿ ಗಿರಾಕಿ ಸಿಗುವುದು ಕಷ್ಟವಿತ್ತು. ಅವರ ಮಾತಿನ ಲಯ ಕೆಡಿಸದೆ ಅಚ್ಚು ಹಾಕುವುದನ್ನೇ ವೈಟ್ ತಮ್ಮ ಕೆಲಸ ಮಾಡಿಕೊಂಡರು.

ಜಿಮ್ ಸ್ಪಿಲ್ಸ್‌ಬರಿ ಈ ಪೆಂಡರ್ ಹಾರ್ಬರಿನವರಲ್ಲ, ಇನ್ನೂ ಉತ್ತರದ ಸಾವರಿ ದ್ವೀಪದಲ್ಲಿ ಬೆಳೆದವರು. ದೋಣಿಯಲ್ಲಿ ಶಿಬಿರದಿಂದ ಶಿಬಿರಕ್ಕೆ ಹೋಗಿ ರೇಡಿಯೋ ರಿಪೇರಿ ಮಾಡುತ್ತಿದ್ದರು, ಮಾರುತ್ತಿದ್ದರು. ರಸ್ತೆಯಿಲ್ಲದ ಆ ಕರಾವಳಿಯ ಒಂಟಿ ಶಿಬಿರಗಳಿಗೆ ಹೊರಗಿನ ದನಿ ಮುಟ್ಟಿಸಿದವರಲ್ಲಿ ಅವರೊಬ್ಬರು. ವೈಟ್ ಅವರೊಂದಿಗೆ ಕೂತು ಆ ನೆನಪುಗಳನ್ನು ಹೊರತೆಗೆದರು. ‘ಸ್ಪಿಲ್ಸ್‌ಬರೀಸ್ ಕೋಸ್ಟ್’ 1987ರಲ್ಲಿ ಬಂತು.

ಆದರೆ ನನ್ನನ್ನು ಹೆಚ್ಚು ಹಿಡಿದಿಟ್ಟವರು ಹೊವರ್ಡ್ ಅವರ ತಂದೆ ಫ್ರಾಂಕ್ ವೈಟ್. 1914ರಲ್ಲಿ ಹುಟ್ಟಿದ ಫ್ರಾಂಕ್ ಹಾಲಿನ ಲಾರಿ ಓಡಿಸಿದರು, ಮರದ ದಿಮ್ಮಿಯ ಲಾರಿ ಓಡಿಸಿದರು, ಕಾಡಿನಲ್ಲಿ ಸ್ವಂತ ಗುತ್ತಿಗೆಯನ್ನೂ ಮಾಡಿದರು. ಲಾರಿಗಳ ಆ ಕಾಲದ ಬಗ್ಗೆ ಅವರ ಬರಹವೊಂದು ಎಪ್ಪತ್ತರ ದಶಕದಲ್ಲೇ ‘ರೇನ್‌ಕೋಸ್ಟ್ ಕ್ರಾನಿಕಲ್ಸ್’ನಲ್ಲಿ ಬಂದಿತ್ತು. ಪುಸ್ತಕ ಬಂದದ್ದು ಮಾತ್ರ 2013ರಲ್ಲಿ, ಅವರಿಗೆ ತೊಂಬತ್ತೊಂಬತ್ತು ತುಂಬಿದ ಮೇಲೆ: ‘ಮಿಲ್ಕ್ ಸ್ಪಿಲ್ಸ್ ಅಂಡ್ ಒನ್-ಲಾಗ್ ಲೋಡ್ಸ್’. ಹೆಸರೇ ಹೇಳುವಂತೆ, ಒಂದೇ ಒಂದು ದಿಮ್ಮಿ ಹೇರಿದರೆ ಲಾರಿ ತುಂಬಿಬಿಡುತ್ತಿದ್ದ ಕಾಲ ಅದು. ಮರಗಳ ಗಾತ್ರ ಅಷ್ಟಿತ್ತು. ಆ ಕಾಡು ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಅದನ್ನು ಹೊತ್ತು ಇಳಿಸಿದವನ ಸಾಕ್ಷ್ಯಕ್ಕಿಂತ ಬೇರೆ ಬೇಕೆ? ಮರುವರ್ಷ ಎರಡನೆಯ ಪುಸ್ತಕವೂ ಬಂತು. 2015ರಲ್ಲಿ, ನೂರೊಂದನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರ ಕೊನೆಗಾಲದ ಸಂಗಾತಿ ಎಡಿತ್ ಇಗ್ಲಾವರ್. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿ ‘ನ್ಯೂಯಾರ್ಕರ್’ ಪತ್ರಿಕೆಗೆ ಬರೆಯುತ್ತಿದ್ದ ಎಡಿತ್, ಜಾನ್ ಡೇಲಿ ಎಂಬ ಮೀನುಗಾರನನ್ನು ಮದುವೆಯಾಗಿ ಗಾರ್ಡನ್ ಬೇಗೆ ಬಂದವರು. ಜಾನ್ ಬಲೆ ಬೀಸುವವರಲ್ಲ. ಅವರದು ಗಾಳದ ಮೀನುಗಾರಿಕೆ. ದೋಣಿಯ ಎರಡೂ ಬದಿಗೆ ಉದ್ದನೆಯ ಗಳ ಚಾಚಿ, ಸೀಸದ ಗುಂಡು ಕಟ್ಟಿದ ಉಕ್ಕಿನ ತಂತಿ ಇಳಿಬಿಟ್ಟು, ಅದರುದ್ದಕ್ಕೂ ಗಾಳ ಸಿಕ್ಕಿಸಿ ನಿಧಾನಕ್ಕೆ ಸಾಗಬೇಕು. ಸಿಕ್ಕ ಸಾಲ್ಮನ್ ಮೀನುಗಳನ್ನು ಒಂದೊಂದಾಗಿ ಬಿಡಿಸಿ, ಕರುಳು ತೆಗೆದು, ಮಂಜುಗಡ್ಡೆಯಲ್ಲಿ ಜೋಡಿಸಬೇಕು. ‘ಮೋರ್‌ಕೆಲ್ಪ್’ ಎಂಬ ಆ ದೋಣಿಯ ಇಕ್ಕಟ್ಟಿನಲ್ಲಿ ಗಂಡನ ಜೊತೆ ಕಡಲಿಗೆ ಹೋಗುತ್ತ ಎಡಿತ್ ಈ ಕಸುಬನ್ನು ಹತ್ತಿರದಿಂದ ಕಂಡರು. ಜಾನ್ 1978ರಲ್ಲಿ ತೀರಿಹೋದರು. ‘ಫಿಶಿಂಗ್ ವಿತ್ ಜಾನ್’ ಹೊರಬಂದದ್ದು 1988ರಲ್ಲಿ, ಕೆನಡಾದಲ್ಲಿ ಪಕ್ಕದೂರಿನ ಹಾರ್ಬರ್‌ನಿಂದಲೇ. ಗವರ್ನರ್ ಜನರಲ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಅದು ಏರಿತು. ಪ್ರೀತಿಯ ಕತೆಯನ್ನೂ ಕಸುಬಿನ ವಿವರವನ್ನೂ ಬೇರೆ ಬೇರೆ ಮಾಡದೆ ಹೇಳಿದ ಪುಸ್ತಕ ಅದು. ಈ ಕಪಾಟಿನಿಂದ ಒಂದೇ ಪುಸ್ತಕ ಆರಿಸಿಕೋ ಎಂದರೆ ನನ್ನ ಕೈ ಅದಕ್ಕೇ ಹೋಗುತ್ತದೆ. ಎಡಿತ್ ಕೂಡ ನೂರೊಂದು ವರ್ಷ ಬದುಕಿ 2019ರಲ್ಲಿ ಹೋದರು.

ಇವರೆಲ್ಲರಿಗಿಂತ ಮೊದಲು, 1941ರಲ್ಲಿ, ಒಟ್ಟಾವಾದ ಎಲಿಜಬೆತ್ ಸ್ಮಾರ್ಟ್ ತುಂಬು ಗರ್ಭಿಣಿಯಾಗಿ ಇಲ್ಲಿ ತಂಗಿದ್ದರು. ಮಗಳನ್ನು ಹೆತ್ತದ್ದೂ ಇಲ್ಲೇ. 1945ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಬೈ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ ಐ ಸ್ಯಾಟ್ ಡೌನ್ ಅಂಡ್ ವೆಪ್ಟ್’ ಕೃತಿಯ ಬಹುಭಾಗ ಈ ತೀರದಲ್ಲೇ ಹುಟ್ಟಿತು. ಜಗತ್ತು ಬಲ್ಲ ಹೆಸರು ಅವರದೇ. ಆದರೂ ಅವರು ಬಂದು ಹೋದವರು. ಊರಿನ ಸಾಹಿತ್ಯವೆಂದು ನಾನು ಕರೆಯುವುದು ಉಳಿದವರು ಬರೆದದ್ದನ್ನು.

ಉಳಿದವರು ಎನ್ನುವಾಗ ಇಲ್ಲಿನ ಮೂಲನಿವಾಸಿಗಳಾದ ಶಿಶಾಲ್ ಜನರನ್ನು ಮರೆಯುವಂತಿಲ್ಲ. ದೋಣಿ-ಲಾರಿಗಳ ಕಾಲಕ್ಕೆ ಬಹಳ ಮೊದಲು ಈ ಕೊಲ್ಲಿ ಅವರ ದೊಡ್ಡ ಚಳಿಗಾಲದ ನೆಲೆಯಾಗಿತ್ತು. ಹೊರಗಿನಿಂದ ಬಂದ ರೋಗಗಳು ಅವರನ್ನು ಕುಗ್ಗಿಸಿದವು. ಈ ತೀರದ ಯಾವ ಕಪಾಟಿನಲ್ಲಾದರೂ ಮೊದಲ ಜಾಗ ಅವರ ಮಾತಿಗೆ ಸಲ್ಲಬೇಕು.

ಹಳ್ಳಿಯ ಪ್ರಕಾಶನ ಸಣ್ಣ ಕೆಲಸಕ್ಕಷ್ಟೇ ಲಾಯಕ್ಕು ಎನ್ನುವವರಿಗೆ 2000ದಲ್ಲಿ ಬಂದ ‘ಎನ್‌ಸೈಕ್ಲೋಪೀಡಿಯ ಆಫ್ ಬ್ರಿಟಿಷ್ ಕೊಲಂಬಿಯ’ ತೋರಿಸಬಹುದು. ಡೇನಿಯಲ್ ಫ್ರಾನ್ಸಿಸ್ ಸಂಪಾದಿಸಿದ, ಒಂದಿಡೀ ಪ್ರಾಂತ್ಯದ ವಿಶ್ವಕೋಶವನ್ನು ಹಾರ್ಬರ್ ಮಡೀರಾ ಪಾರ್ಕಿನಿಂದ ಹೊರತಂದಿತು. 2012ರಲ್ಲಿ ವ್ಯಾಂಕೂವರಿನ ಹೆಸರಾಂತ ಪ್ರಕಾಶನ ಡಗ್ಲಸ್ ಅಂಡ್ ಮ್ಯಾಕಿಂಟೈರ್ ಸಾಲದಲ್ಲಿ ಮುಳುಗಿತು. ಮರುವರ್ಷ ಅದನ್ನು ಕೊಂಡವರು ವೈಟ್ ದಂಪತಿ. ಫ್ರಾಂಕ್ ಅವರ ಮೊದಲ ಪುಸ್ತಕ ಬಂದದ್ದೂ ಅದೇ ವರ್ಷ.