ತೊಪ್ಪೂರು ಇಳಿಜಾರು: ನೋಡಿದರೂ ಕಾಣದ ಬೈಕು

"ಅಣ್ಣಾ, ಸತ್ಯಮಾ ನಾನ್ ಪಾಕ್ಕಲೈ..."

ಕಾರಿನಿಂದ ಇಳಿದು ಬಂದ ಯುವಕ ಕೈಮುಗಿದು ಹೇಳಿದ ಮಾತಿದು. ಕೆಲವು ವರ್ಷಗಳ ಹಿಂದಿನ ಸಂಗತಿ. ಧರ್ಮಪುರಿ ಕಡೆಯಿಂದ ಸೇಲಂನಲ್ಲಿದ್ದ ಮದುವೆಗೆ ಬೈಕಿನಲ್ಲಿ ಹೊರಟಿದ್ದೆ. ಹಿಂದೆ ಮನೆಯಾಕೆ ಕುಳಿತಿದ್ದಳು. ತೊಪ್ಪೂರು ಸಮೀಪ ಎಡಗಡೆಯ ಸರ್ವಿಸ್ ರಸ್ತೆಯ ಬಾಯಲ್ಲಿ ಒಂದು ಕಾರು ನಿಂತಿತ್ತು. ಚಾಲಕ ನನ್ನ ಕಡೆಗೇ ತಿರುಗಿ ನೋಡಿದ. ನೋಡಿದನಲ್ಲ, ಇನ್ನು ನಿಲ್ಲುತ್ತಾನೆ ಎಂದುಕೊಂಡು ನಾನು ವೇಗ ತಗ್ಗಿಸಲಿಲ್ಲ. ಅವನು ನಿಲ್ಲಲಿಲ್ಲ, ನೇರ ಹೆದ್ದಾರಿಗೆ ನುಗ್ಗಿದ. ಬ್ರೇಕ್ ಒತ್ತಿದೆ, ಬೈಕು ಜಾರಿತು, ಇಬ್ಬರೂ ಬಿದ್ದೆವು. ಮನೆಯಾಕೆಯ ಮೊಣಕೈ ತರಚಿತು, ನನ್ನ ಮಂಡಿ ಒಡೆಯಿತು. ಹಿಂದೆ ಆ ಹೊತ್ತಿಗೆ ಲಾರಿ ಇರಲಿಲ್ಲ. ಇದ್ದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ!

ಆ ಯುವಕ ಸುಳ್ಳು ಹೇಳುತ್ತಿದ್ದಾನೆ ಎಂದು ಆಗ ನನಗೆ ಸಿಟ್ಟು ಬಂದಿತ್ತು. ನನ್ನ ಮುಖವನ್ನೇ ನೋಡಿದವನು ಕಾಣಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಈ ವಿಷಯ ಓದುತ್ತಾ ಹೋದಂತೆ ತಿಳಿಯಿತು, ಅವನು ಹೇಳಿದ್ದು ನಿಜವಾಗಿರಬಹುದು. ಅವನ ಕಣ್ಣು ನನ್ನ ಮೇಲೆ ಹರಿದಿತ್ತು, ಮನಸ್ಸು ಬೇರೆಲ್ಲೋ ಇತ್ತು. ಬೈಕ್ ಸವಾರರಿಗೆ ಈ ಗೈರು ಗಮನದಷ್ಟು ದೊಡ್ಡ ಅಪಾಯ ಇನ್ನೊಂದಿಲ್ಲ.

ಎಲ್ಲರೂ ಹಾಯಲೇಬೇಕಾದ ಕಣಿವೆ

ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ನಮ್ಮ ಗಡಿನಾಡಿನ ಜನರಿಗೆ ತೊಪ್ಪೂರು ಹೊಸ ಹೆಸರಲ್ಲ. ಆಸ್ಪತ್ರೆಗೆಂದು, ನೆಂಟರ ಮನೆಗೆಂದು, ಬೆಳ್ಳಿ ಬಟ್ಟೆಗೆಂದು ಸೇಲಂಗೆ ಹೋಗುವವರು ಕೃಷ್ಣಗಿರಿ, ಧರ್ಮಪುರಿ ದಾಟಿ ಈ ಕಣಿವೆಯನ್ನು ಇಳಿಯಲೇಬೇಕು. ಸೇಲಂನಲ್ಲಿ ಮನೆಯಲ್ಲಿ ಕನ್ನಡವಾಡುವ ದೇವಾಂಗದ ಕುಟುಂಬಗಳೂ ಇವೆ, ಹೋಗಿಬರುವ ನಂಟು ಹಳೆಯದು. ಮೆಟ್ಟೂರು ಕಡೆಯ ರಸ್ತೆ ಒಡೆಯುವುದೂ ತೊಪ್ಪೂರಿನಲ್ಲೇ.

ಇದು ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44. ಹಳಬರ ಬಾಯಲ್ಲಿ ಇನ್ನೂ 'ಏಳನೇ ನಂಬರ್ ರೋಡು'. ಬೆಂಗಳೂರು ಕಡೆಯಿಂದ ತೆಂಕಣಕ್ಕೆ ಸರಕು ಒಯ್ಯುವ ಭಾರಿ ಲಾರಿಗಳು ಹಗಲಿರುಳೆನ್ನದೆ ಇಲ್ಲಿ ಇಳಿಯುತ್ತವೆ. ಧರ್ಮಪುರಿ ಎತ್ತರದಲ್ಲಿದೆ, ಸೇಲಂ ತಗ್ಗಿನಲ್ಲಿದೆ. ನಡುವೆ ಗುಡ್ಡಗಳ ಸಂದಿಯಲ್ಲಿ ತಿರುವು, ಇಳಿಜಾರು, ಸೇತುವೆ.

2020ರ ಡಿಸೆಂಬರ್ 12ರಂದು ಇಲ್ಲಿ ಹತೋಟಿ ತಪ್ಪಿದ ಲಾರಿಯೊಂದು ಮುಂದಿದ್ದ ಹತ್ತಕ್ಕೂ ಹೆಚ್ಚು ವಾಹನಗಳಿಗೆ ಬಡಿಯಿತು. ನಾಲ್ವರು ಸತ್ತರು. 2024ರ ಜನವರಿ 24ರಂದು ಜನ 'ಇರಟ್ಟೈ ಪಾಲಂ' ಎನ್ನುವ ಜೋಡಿ ಸೇತುವೆಯ ಬಳಿ ಲಾರಿಗಳ ನಡುವೆ ಕಾರು ಸಿಕ್ಕಿ ನಜ್ಜುಗುಜ್ಜಾಯಿತು, ಬೆಂಕಿ ಹತ್ತಿತು, ಒಂದು ಲಾರಿ ಸೇತುವೆಯಿಂದ ಕೆಳಗೆ ಬಿತ್ತು. ಅಂದೂ ನಾಲ್ವರು ಪ್ರಾಣ ಬಿಟ್ಟರು. ಆ ದೃಶ್ಯ ಎಷ್ಟೋ ಜನರ ಮೊಬೈಲಿನಲ್ಲಿ ಹರಿದಾಡಿತು. ಕಬ್ಬಿಣದ ಗೂಡಿನೊಳಗೆ ಕುಳಿತವರ ಗತಿಯೇ ಹೀಗಾದರೆ, ಎರಡು ಚಕ್ರದ ಮೇಲೆ ಬರಿಮೈಯಲ್ಲಿ ಹೋಗುವವರ ಪಾಡೇನು?

ಕಣ್ಣಿಗೆ ಬಿದ್ದರೂ ಕಾಣುವುದಿಲ್ಲ ಏಕೆ?

1981ರಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಒಂದು ವರದಿ ಹೊರತಂದರು. ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900ಕ್ಕೂ ಹೆಚ್ಚು ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿದ್ದರು. ಬೈಕಿಗೂ ಇನ್ನೊಂದು ವಾಹನಕ್ಕೂ ನಡೆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು, ಎದುರಿನ ವಾಹನದವನು ಬೈಕಿಗೆ ಬಿಡಬೇಕಾದ ದಾರಿಯನ್ನು ಬಿಡದೆ ನುಗ್ಗಿದ್ದರಿಂದ ಆದವು. ಆ ಚಾಲಕರಲ್ಲಿ ಹೆಚ್ಚಿನವರು ಹೇಳಿದ್ದೂ ಅದೇ ಮಾತು: ಬೈಕು ಕಾಣಲಿಲ್ಲ, ಕಂಡಾಗ ಹೊತ್ತು ಮೀರಿತ್ತು.

ಇದಕ್ಕೆ ಕಾರಣಗಳಿವೆ. ಮೊದಲನೆಯದು, ನಮ್ಮ ಮನಸ್ಸು ಹುಡುಕುವುದನ್ನು ಮಾತ್ರ ಕಾಣುತ್ತದೆ. ಹೆದ್ದಾರಿಗೆ ಬರುವ ಚಾಲಕ ಲಾರಿ ಬರುತ್ತಿದೆಯೇ, ಬಸ್ಸು ಬರುತ್ತಿದೆಯೇ ಎಂದು ಹುಡುಕುತ್ತಾನೆ. ಅವೆರಡೂ ಇಲ್ಲವೆಂದರೆ ರಸ್ತೆ ಖಾಲಿ ಎಂದು ತೀರ್ಮಾನಿಸುತ್ತಾನೆ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಎಂಬಿಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಚೆಂಡಾಟದ ಚಿತ್ರ ತೋರಿಸಿ, ಚೆಂಡು ಎಷ್ಟು ಸಲ ಕೈ ಬದಲಾಯಿತು ಎಂದು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು ಎದೆ ಬಡಿದುಕೊಂಡು ಹೋದರು. ನೋಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ! ಗೊರಿಲ್ಲಾವೇ ಕಾಣದ ಮೇಲೆ ನಮ್ಮ ಟಿವಿಎಸ್ ಎಕ್ಸೆಲ್ ಯಾರ ಲೆಕ್ಕಕ್ಕೆ?

ಎರಡನೆಯದು, ಸಣ್ಣ ವಸ್ತು ದೂರದಲ್ಲಿದ್ದಂತೆಯೂ ನಿಧಾನವಾಗಿ ಬರುತ್ತಿರುವಂತೆಯೂ ತೋರುತ್ತದೆ. ಒಂದೇ ದೂರದಲ್ಲಿ ಒಂದೇ ವೇಗದಲ್ಲಿ ಬರುವ ಲಾರಿ ಮತ್ತು ಬೈಕುಗಳಲ್ಲಿ, ಬೈಕು ತಡವಾಗಿ ಬರುತ್ತದೆ ಎಂದು ಕಣ್ಣು ಲೆಕ್ಕ ಹಾಕುತ್ತದೆ. 'ಅಷ್ಟರಲ್ಲಿ ದಾಟಿಬಿಡಬಹುದು' ಎಂಬ ತಪ್ಪು ಎಣಿಕೆ ಹುಟ್ಟುವುದು ಇಲ್ಲಿಂದ.

ಮೂರನೆಯದು, ಮರೆ. ಕಾರಿನ ಮುಂಗಾಜಿನ ಎರಡು ಪಕ್ಕದ ಕಂಬಗಳ ಹಿಂದೆ ಒಂದು ಬೈಕು ಪೂರ್ತಿ ಅಡಗಿಬಿಡಬಲ್ಲದು. ಲಾರಿಗಂತೂ ಮುಂಭಾಗದ ಕೆಳಗೆ, ಎಡಪಕ್ಕದಲ್ಲಿ, ಬೆನ್ನ ಹಿಂದೆ ಹೀಗೆ ಕುರುಡು ಜಾಗಗಳೇ ಹೆಚ್ಚು. ಎಡಗಡೆಯಿಂದ ನುಸುಳಿ ಮುಂದೆ ಹೋಗುವ ಬೈಕಿನವನು ಚಾಲಕನಿಗೆ ಕಾಣುವುದೇ ಇಲ್ಲ.

ಕೈಯಲ್ಲಿ ಸ್ಟೀರಿಂಗ್, ಕಿವಿಯಲ್ಲಿ ಮೊಬೈಲ್

ಇಷ್ಟರ ಮೇಲೆ ಈಗ ಮೊಬೈಲ್ ಬಂದು ಸೇರಿದೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಯಾರ ಫೋನು ಎಂದು ತಲೆತಗ್ಗಿಸಿ ನೋಡಲು ಮೂರು ಸೆಕೆಂಡು ಸಾಕು. ಅಷ್ಟರಲ್ಲಿ 50 ಮೀಟರ್ ಕಳೆದಿರುತ್ತದೆ. 80 ಕಿಲೋಮೀಟರ್ ವೇಗವಾದರೆ ಸುಮಾರು 67 ಮೀಟರ್. ಅಷ್ಟು ದೂರವನ್ನು ಕಣ್ಣುಮುಚ್ಚಿ ಓಡಿಸಿದಂತೆಯೇ ಸರಿ. ಕಿವಿಗೆ ವೈರು ಸಿಕ್ಕಿಸಿಕೊಂಡು ಮಾತಾಡಿದರೆ ತೊಂದರೆಯಿಲ್ಲ ಎನ್ನುವವರಿದ್ದಾರೆ. ಕೈ ಬಿಡುವಾಗಿರುತ್ತದೆ ನಿಜ, ಮನಸ್ಸು ಬಿಡುವಾಗಿರುವುದಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಆ ವರ್ಷ ಅತಿ ಹೆಚ್ಚು ಅಪಘಾತ ನಡೆದ ರಾಜ್ಯ ತಮಿಳುನಾಡು: 64,105. ಮೊಬೈಲ್ ಬಳಕೆಯಿಂದ ಎಂದು ದಾಖಲಾದ ಸಾವು 3,395 ಮಾತ್ರ. ಆದರೆ 'ಫೋನು ನೋಡುತ್ತಿದ್ದೆ' ಎಂದು ಠಾಣೆಯಲ್ಲಿ ಯಾರು ಒಪ್ಪಿಕೊಳ್ಳುತ್ತಾರೆ? ನಿದ್ದೆ, ಹರಟೆ, ಮನೆಯ ಚಿಂತೆ ಇವಕ್ಕೆ ಕಾಗದದಲ್ಲಿ ಜಾಗವೇ ಇಲ್ಲ. ಕೊನೆಗೆ ಬಹುಪಾಲು 'ಅತಿವೇಗ' ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ.

ಕಾನೂನೇನೋ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ, ವಾಹನ ಓಡಿಸುತ್ತಾ ಕೈಯಲ್ಲಿ ಮೊಬೈಲ್ ಹಿಡಿದು ಬಳಸುವುದು ಅಪಾಯಕಾರಿ ಚಾಲನೆ. ಮೊದಲ ಸಲ ಸಿಕ್ಕಿಬಿದ್ದರೆ 1,000ದಿಂದ 5,000 ರೂಪಾಯಿವರೆಗೆ ದಂಡ, ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಅಥವಾ ಎರಡೂ ಆಗಬಹುದು.

ಇಳಿಜಾರಿನಲ್ಲಿ ತಪ್ಪಿಗೆ ಮಾಫಿ ಇಲ್ಲ

ಗಮನ ತಪ್ಪುವುದು ಎಲ್ಲ ರಸ್ತೆಯಲ್ಲೂ ಅಪಾಯವೇ. ತೊಪ್ಪೂರಿನಲ್ಲಿ ಅದಕ್ಕೆ ಭೂಮಿಯ ಸೆಳೆತವೂ ಸೇರಿಕೊಳ್ಳುತ್ತದೆ. ಸಮತಟ್ಟು ರಸ್ತೆಯಲ್ಲಿ ಚಾಲಕ ಮೈಮರೆತು ಆಕ್ಸಿಲೇಟರ್ ಬಿಟ್ಟರೆ ವಾಹನ ತಾನಾಗಿ ನಿಧಾನವಾಗುತ್ತದೆ. ಇಳಿಜಾರಿನಲ್ಲಿ ಹಾಗಲ್ಲ, ತುಂಬಿದ ಲಾರಿ ತಾನಾಗಿ ವೇಗ ಕೂಡಿಸಿಕೊಳ್ಳುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ.

ಇನ್ನೊಂದು ಕೆಟ್ಟ ಚಾಳಿ ಇದೆ. ಡೀಸೆಲ್ ಉಳಿಸಲು ಕೆಲವರು ಇಳಿಜಾರಿನಲ್ಲಿ ಗೇರು ನ್ಯೂಟ್ರಲ್‌ಗೆ ಹಾಕುತ್ತಾರೆ. ಸಣ್ಣ ಗೇರಿನಲ್ಲಿದ್ದರೆ ಇಂಜಿನ್ನೇ ಲಾರಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ನ್ಯೂಟ್ರಲ್ ಮಾಡಿದರೆ ಅಷ್ಟು ಭಾರವೂ ಬ್ರೇಕಿನ ಮೇಲೇ ಬೀಳುತ್ತದೆ. ಮತ್ತೆ ಮತ್ತೆ ಒತ್ತಿದಾಗ ಬ್ರೇಕ್ ಡ್ರಮ್ಮು ಕಾದು ಹಿಡಿತ ಸಡಿಲವಾಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಲಾರಿ ನಿಲ್ಲದು. 'ಬ್ರೇಕ್ ಫೇಲಾಯಿತು' ಎಂಬ ಸುದ್ದಿಯ ಹಿಂದೆ ಹಲವು ಸಲ ಇರುವುದು ಯಂತ್ರದ ದೋಷವಲ್ಲ, ಮೇಲಿನ ತಿರುವಿನಲ್ಲಿ ಗೇರಿನ ಬಗ್ಗೆ ಯೋಚಿಸದ ಅರೆಗಳಿಗೆ.

ಈ ಕಣಿವೆಯಲ್ಲಿ ಎತ್ತರಿಸಿದ ರಸ್ತೆ ಕಟ್ಟುವ ಯೋಜನೆ ರೂಪಿಸಲಾಗಿದೆ. ಒಳ್ಳೆಯದೇ. ಆದರೆ ರಸ್ತೆ ಸುಧಾರಿಸಿದ ಮಾತ್ರಕ್ಕೆ ಮೈಮರೆವು ಹೋಗುವುದಿಲ್ಲ. ರಸ್ತೆ ಚೆನ್ನಾದಷ್ಟೂ ಕಣ್ಣು ಫೋನಿನ ಕಡೆಗೆ ಜಾರುವುದೇ ಹೆಚ್ಚು.

ಬೈಕಿನವರು ಏನು ಮಾಡಬೇಕು?

ತಪ್ಪು ಅವರದು, ಪ್ರಾಣ ನಮ್ಮದು. ಹಾಗಾಗಿ ಈ ಕೆಲವು ಮಾತುಗಳು:

* 'ಅವನು ನನ್ನನ್ನು ನೋಡಿದ್ದಾನೆ' ಎಂದು ನಂಬಬೇಡಿ. ಕಣ್ಣಿಗೆ ಕಣ್ಣು ಸೇರಿದರೂ ಸಾಲದು. ಚಕ್ರ ನೋಡಿ. ಚಕ್ರ ಅಲುಗುತ್ತಿದ್ದರೆ ವೇಗ ಇಳಿಸಿ.

* ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ, ನೀವು ಅವನಿಗೆ ಕಾಣುತ್ತಿಲ್ಲ. ಎಡಗಡೆಯಿಂದ ಲಾರಿಯನ್ನು ಹಿಂದೆ ಹಾಕಬೇಡಿ.

* ಇಳಿಜಾರಿನಲ್ಲಿ ಎರಡು ಲಾರಿಗಳ ನಡುವೆ ಸಿಕ್ಕಿಕೊಳ್ಳಬೇಡಿ. ಹಿಂದಿನ ಲಾರಿ ವೇಗವಾಗಿ ಬರುತ್ತಿದ್ದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಮುಂದೆ ವಾಹನಗಳು ಸಾಲುಗಟ್ಟಿ ನಿಂತಿದ್ದರೆ ಸಾಲಿನ ಬಾಲದಲ್ಲಿ ನಿಲ್ಲದೆ ರಸ್ತೆಯಂಚಿಗೆ ಹೋಗಿ.

* 2017ರ ಏಪ್ರಿಲ್‌ನಿಂದ ಮಾರಾಟವಾದ ಬೈಕುಗಳಲ್ಲಿ ಹಗಲಲ್ಲೂ ದೀಪ ತಾನಾಗಿ ಉರಿಯುತ್ತದೆ. ನೀವು ಕಾಣಲಿ ಎಂದೇ ಈ ಏರ್ಪಾಟು. ಹಳೆಯ ಬೈಕಿದ್ದರೆ ಹೆದ್ದಾರಿಯಲ್ಲಿ ನೀವೇ ದೀಪ ಹಾಕಿಕೊಳ್ಳಿ. ಹಿಂದಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ಹೊರಡುವ ಮುಂಚೆ ನೋಡಿ.

* ಒಂದು ಕಿಲೋಮೀಟರ್ ಸುತ್ತು ತಪ್ಪಿಸಲು ಎದುರು ದಿಕ್ಕಿನಲ್ಲಿ ಬರಬೇಡಿ. ಆ ಕಡೆಯಿಂದ ಬೈಕು ಬರುತ್ತದೆ ಎಂದು ಯಾವ ಚಾಲಕನೂ ಹುಡುಕುವುದಿಲ್ಲ.

* ಹೆಲ್ಮೆಟ್ ಇಬ್ಬರಿಗೂ ಇರಲಿ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಜನ ಹಿಂದೆ ಕುಳಿತವರು. ನಮ್ಮ ಕಡೆ ಹೆಂಗಸರಿಗೆ ಹೆಲ್ಮೆಟ್ ಏಕೆ ಎನ್ನುವ ರೂಢಿ ಇನ್ನೂ ಹೋಗಿಲ್ಲ. ಗಟ್ಟಿ ನೆಲಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ.

ಅಪಘಾತ ಕಂಡರೆ

108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಗಾಯಾಳುವಿಗೆ ನೆರವಾದರೆ ಪೊಲೀಸು ಕೋರ್ಟು ಎಂದು ಅಲೆಯಬೇಕಾದೀತು ಎಂಬ ಹೆದರಿಕೆ ಬೇಡ. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ತಮಿಳುನಾಡು ಸರ್ಕಾರ 2021ರ ಡಿಸೆಂಬರ್‌ನಲ್ಲಿ 'ಇನ್ನುಯಿರ್ ಕಾಪ್ಪೋಂ - ನಮ್ಮೈ ಕಾಕ್ಕುಂ 48' ಎಂಬ ಯೋಜನೆ ಆರಂಭಿಸಿತು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ. ಆರಂಭದಲ್ಲಿ ಇದರ ಮಿತಿ 1 ಲಕ್ಷ ರೂಪಾಯಿ. ಗಾಯಾಳು ಯಾವ ರಾಜ್ಯದವರು ಎಂಬುದು ಇಲ್ಲಿ ಮುಖ್ಯವಲ್ಲ, ಅಪಘಾತ ತಮಿಳುನಾಡಿನೊಳಗೆ ಆಗಿದ್ದರೆ ಸಾಕು. ಗಡಿ ಆಚೆಯಿಂದ ಬರುವ ನಿಮ್ಮ ನೆಂಟರಿಗೂ ಇದನ್ನು ತಿಳಿಸಿ.

ಕೊನೆಯ ಮಾತು

ನಮ್ಮ ಊರುಗಳಲ್ಲಿ ಲಾರಿ ಓಡಿಸುವವರು ಬೇರೆ, ಬೈಕಿನಲ್ಲಿ ಹೋಗುವವರು ಬೇರೆ ಎಂದೇನಿಲ್ಲ. ಅಣ್ಣ ಲಾರಿ ಡ್ರೈವರ್, ತಮ್ಮ ಬೈಕಿನಲ್ಲಿ ಕೆಲಸಕ್ಕೆ ಹೋಗುವವನು. ಇಬ್ಬರೂ ಒಂದೇ ಹಜಾರದಲ್ಲಿ ಕುಳಿತು ಉಣ್ಣುವವರು. ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ತಿರುಗುವ ಮುನ್ನ, ಇಳಿಜಾರಿನಲ್ಲಿ ಫೋನು ಕೂಗಿದಾಗ, ಅಣ್ಣನಾದವನು ಒಂದು ಗಳಿಗೆ ತಮ್ಮನನ್ನು ನೆನೆದರೆ ಸಾಕು. ಒಂದು ಸಲ ಲಾರಿ ಬರುತ್ತಿದೆಯೇ ಎಂದು ನೋಡಿ. ಇನ್ನೊಂದು ಸಲ ಬೈಕು ಬರುತ್ತಿದೆಯೇ ಎಂದೇ ಹುಡುಕಿ ನೋಡಿ.

ಮನೆಯಾಕೆಯ ಮೊಣಕೈ ಮೇಲೆ ಆ ದಿನದ ಕಲೆ ಇನ್ನೂ ಇದೆ. ತೊಪ್ಪೂರು ಬಂದಾಗಲೆಲ್ಲ ನನ್ನ ಭುಜ ಹಿಡಿದು "ನಿಧಾನ" ಎನ್ನುತ್ತಾಳೆ. ನಾನು ಎದುರು ಮಾತಾಡುವುದಿಲ್ಲ.