ಅರವತ್ತಕ್ಕೂ ಇಪ್ಪತ್ತಕ್ಕೂ ಸರಿಸಮ ಆಟ

ಆಷಾಢ ಶುಕ್ರವಾರಗಳಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಚಾಮುಂಡಿ ಬೆಟ್ಟಕ್ಕೆ ಬರುವವರು ಮೇಲಿನ ತಿರುವಿನಲ್ಲಿ ನಿಂತು ಮೈಸೂರನ್ನು ನೋಡುವುದುಂಟು. ಆಗ ಕಣ್ಣಿಗೆ ಬೀಳುವ ಮೊಟ್ಟೆಯಾಕಾರದ ಹಸಿರು, ಕುದುರೆ ರೇಸಿನ ಮೈದಾನ. ಅಲ್ಲಿಯೇ ಜಯಚಾಮರಾಜೇಂದ್ರ ಒಡೆಯರ್ ಗಾಲ್ಫ್ ಕ್ಲಬ್ ಇದೆಯೆಂಬುದು ಅನೇಕರಿಗೆ ತಿಳಿಯದು.

ಗಾಲ್ಫ್ ಕ್ಲಬ್ಬುಗಳು ನಡೆಸುವ ಸ್ಪರ್ಧೆಗಳಲ್ಲಿ ಹಿರಿಯರ ಸಹಾಯಾರ್ಥ ಸ್ಪರ್ಧೆಯೂ ಒಂದು. ಹವ್ಯಾಸಿಗಳಲ್ಲಿ ಸಾಮಾನ್ಯವಾಗಿ 55 ದಾಟಿದವರು, ವೃತ್ತಿಪರರಲ್ಲಿ 50 ದಾಟಿದವರು ಹಿರಿಯರು. ಪ್ರವೇಶ ಶುಲ್ಕ ಹಾಗೂ ಪ್ರಾಯೋಜಕರ ಹಣದಲ್ಲಿ ಉಳಿದದ್ದು ಆಸ್ಪತ್ರೆಗೋ ಶಾಲೆಗೋ ಹೋಗುತ್ತದೆ. ಆದರೆ ಐವತ್ತೈದರವರ ಜತೆ ಎಪ್ಪತ್ತೈದರವರೂ ಆಡುವಾಗ ಗೆಲುವು ಮೊದಲೇ ನಿರ್ಧಾರವಾದಂತಲ್ಲವೆ? ಸೋಲುವುದು ಖಚಿತವೆಂದಾದರೆ ಹಣ ಕೊಟ್ಟು ಬರುವವರಾರು?

ಈ ಪ್ರಶ್ನೆಗೆ ಉತ್ತರವೇ ಹ್ಯಾಂಡಿಕ್ಯಾಪ್. ಈ ಮಾತು ಗಾಲ್ಫಿಗೆ ಬಂದದ್ದು ಕುದುರೆ ರೇಸಿನಿಂದ. ರೇಸಿನಲ್ಲಿ ಬಲ್ಲ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಹೇರುತ್ತಾರೆ. ಗಾಲ್ಫಿನಲ್ಲಿ ಬಾರದವನಿಗೆ ಹೊಡೆತಗಳನ್ನು ಮನ್ನಾ ಮಾಡುತ್ತಾರೆ. ಮೈಸೂರಿನಲ್ಲಿ ಈ ಎರಡು ಲೆಕ್ಕಗಳೂ ಒಂದೇ ಮೈದಾನದಲ್ಲಿ ನಡೆಯುವುದು ತಮಾಷೆಯೇ ಸರಿ.

2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಂತೆ ಆಟಗಾರನ ಕಳೆದ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯೇ ಆಧಾರ. ಮೈದಾನ ಎಷ್ಟು ಕಠಿಣವೆಂಬುದನ್ನೂ ಅದರಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಗರಿಷ್ಠ ಮಿತಿ 54. ಎಪ್ಪತ್ತರ ಹಿರಿಯರೊಬ್ಬರಿಗೆ 22 ಹೊಡೆತ ಸಿಕ್ಕಿದೆ ಎನ್ನಿ. 18 ಗುಳಿಗಳಲ್ಲಿ ಪ್ರತಿಯೊಂದಕ್ಕೂ ಒಂದು, ಅತಿ ಕಠಿಣವಾದ ನಾಲ್ಕಕ್ಕೆ ಇನ್ನೊಂದು ವಿನಾಯಿತಿ. ಹ್ಯಾಂಡಿಕ್ಯಾಪ್ 4 ಇರುವ ಚುರುಕು ಆಟಗಾರನಿಗೆ ಆ ನಾಲ್ಕು ಗುಳಿಗಳಲ್ಲಷ್ಟೇ ಒಂದೊಂದು.

ಅಂಕ ಎಣಿಸುವ ಕ್ರಮವೂ ಹಿರಿಯರಿಗೆ ಅನುಕೂಲವೇ. ಇಂಗ್ಲೆಂಡಿನ ವೈದ್ಯ ಫ್ರಾಂಕ್ ಸ್ಟೇಬಲ್‌ಫರ್ಡ್ ಕಡಲ ಗಾಳಿ ಬೀಸುವ ವಾಲಸಿಯಲ್ಲಿ 1932ರ ಮೇ 16ರಂದು ಇದನ್ನು ಆಡಿಸಿದಾಗ ಅವರಿಗೇ ಅರವತ್ತು ದಾಟಿತ್ತು. ಒಂದು ಗುಳಿಯಲ್ಲಿ ಎಡವಿದವರು ಇಡೀ ಆಟವನ್ನೇ ಕೈಬಿಡಬಾರದೆಂಬುದು ಅವರ ಉದ್ದೇಶ. ವಿನಾಯಿತಿ ಕಳೆದ ಮೇಲೆ ನಿಗದಿತ ಹೊಡೆತಗಳಲ್ಲಿ ಗುಳಿ ಮುಗಿಸಿದರೆ 2 ಅಂಕ, ಒಂದು ಹೆಚ್ಚಾದರೆ 1, ಒಂದು ಕಡಿಮೆಯಾದರೆ 3. ಎರಡು ಹೆಚ್ಚಾದರೆ ಸೊನ್ನೆ. ಚೆಂಡನ್ನೆತ್ತಿಕೊಂಡು ಮುಂದಿನ ಗುಳಿಗೆ ನಡೆಯಬಹುದು. ಮಂಡಿನೋವಿನವರಿಗೆ ಇದಕ್ಕಿಂತ ಉಪಕಾರ ಬೇರಿಲ್ಲ. ತಂತಮ್ಮ ಮಟ್ಟಕ್ಕೆ ತಕ್ಕಂತೆ ಆಡಿದರೆ ಆ ಹಿರಿಯರಿಗೂ ಈ ಚುರುಕು ಆಟಗಾರನಿಗೂ 36 ಅಂಕವೇ.

ಹಿರಿಯರಿಗೆ ಮಾತ್ರ ಮೀಸಲಾದ ಸಾಧನೆಯೂ ಒಂದಿದೆ: ತಮ್ಮ ವಯಸ್ಸಿನಷ್ಟೇ ಹೊಡೆತಗಳಲ್ಲಿ 18 ಗುಳಿ ಮುಗಿಸುವುದು. ಇಲ್ಲಿ ಯಾವ ವಿನಾಯಿತಿಯೂ ಇಲ್ಲ. ಎಪ್ಪತ್ತೆರಡರವರು 72ರಲ್ಲಿ ಮುಗಿಸಿಯಾರು. ಮೂವತ್ತರ ತರುಣನಿಗೆ ಅದು ಕನಸು.

ಆದರೆ ಈ ಏರ್ಪಾಡೆಲ್ಲ ನಿಂತಿರುವುದು ಪ್ರಾಮಾಣಿಕತೆಯ ಮೇಲೆ. ಕ್ಲಬ್ ಮಟ್ಟದ ಗಾಲ್ಫಿನಲ್ಲಿ ಪ್ರತಿ ಹೊಡೆತಕ್ಕೂ ಅಂಪೈರ್ ಇರುವುದಿಲ್ಲ. ಜತೆ ಆಟಗಾರ ಅಂಕ ಬರೆದು ಸಹಿ ಹಾಕುತ್ತಾನೆ, ಅಷ್ಟೆ. ಬೇಕೆಂದೇ ಕಳಪೆ ಆಡಿ ಹ್ಯಾಂಡಿಕ್ಯಾಪ್ ಏರಿಸಿಕೊಂಡು ಬಹುಮಾನ ಹೊಡೆಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಸಹಾಯಾರ್ಥ ಸ್ಪರ್ಧೆಯಲ್ಲಿ ಇದು ಜತೆಗಾರರಿಗಷ್ಟೇ ಮಾಡುವ ಮೋಸವಲ್ಲ. ಇಂಥದ್ದನ್ನು ಕಂಡವರು ಮುಂದಿನ ವರ್ಷ ಶುಲ್ಕ ಕಟ್ಟುವುದಿಲ್ಲ, ಆಸ್ಪತ್ರೆಗೆ ಸೇರಬೇಕಾದ ಹಣವೂ ಅಷ್ಟರಮಟ್ಟಿಗೆ ಇಳಿಯುತ್ತದೆ.

ಅಮೆರಿಕದ ವೃತ್ತಿಪರ ಗಾಲ್ಫ್ ತನ್ನ ದಾನದ ಲೆಕ್ಕವನ್ನು 1938ರ ಪಾಮ್ ಬೀಚ್ ಪಂದ್ಯದಲ್ಲಿ ಕೊಟ್ಟ ಹತ್ತು ಸಾವಿರ ಡಾಲರಿನಿಂದ ಎಣಿಸುತ್ತದೆ. ನಮ್ಮಲ್ಲಿ ಸ್ಪರ್ಧೆ ಮುಗಿದ ಸಂಜೆ ಊಟ, ಟ್ರೋಫಿ, ಶಾಮಿಯಾನದ ಖರ್ಚು ಕಳೆದು ದಾನಕ್ಕೆ ಎಷ್ಟು ಉಳಿಯಿತೆಂದು ಹೇಳುವ ಸಂಘಟಕರಿದ್ದಾರೆ. ಗೆದ್ದವರ ಪಟ್ಟಿಯನ್ನಷ್ಟೇ ಪತ್ರಿಕೆಗೆ ಕಳಿಸಿ ಸುಮ್ಮನಾಗುವವರೂ ಇದ್ದಾರೆ.